ಮೆದುಳಿನಲ್ಲಿ ‘ದೇವರ ಬಿಂದು’ ಇದೆಯೇ?

ಧಾರ್ಮಿಕ ಅನುಭವ ಹುಟ್ಟಿಸುವ ಒಂದೇ ಜಾಗ ಮೆದುಳಿನಲ್ಲಿದೆ ಎಂಬ ಕಲ್ಪನೆಯೇ ‘ದೇವರ ಬಿಂದು’. ಇಲ್ಲಿ ನೆನಪಿಡಬೇಕಾದ ಹೆಸರು ‘ಗಾಡ್ ಹೆಲ್ಮೆಟ್’ ಎಂಬ ಶಿರಸ್ತ್ರಾಣ. ಕೆನಡಾದ ಲಾರೆನ್ಷಿಯನ್ ವಿಶ್ವವಿದ್ಯಾಲಯದ ಮೈಕಲ್ ಪರ್ಸಿಂಜರ್ ಇದರ ಮೂಲಕ ಮೆದುಳಿನ ಟೆಂಪೊರಲ್ ಹಾಲೆಗಳಿಗೆ, ಅಂದರೆ ಕಿವಿಯ ಆಸುಪಾಸಿನ ಭಾಗಕ್ಕೆ, ದುರ್ಬಲ ಕಾಂತಕ್ಷೇತ್ರ ಹಾಯಿಸಿದರು. ಪಕ್ಕದಲ್ಲಿ ಯಾರೋ ಇದ್ದಂತೆ ಹಲವರಿಗೆ ಭಾಸವಾಯಿತೆಂದು ವರದಿ ಮಾಡಿದರು. 2005ರಲ್ಲಿ ಸ್ವೀಡನ್ನಿನ ಗ್ರಾನ್‌ಕ್ವಿಸ್ಟ್ ತಂಡ ಇದನ್ನೇ ಡಬಲ್ ಬ್ಲೈಂಡ್ ವಿಧಾನದಲ್ಲಿ ಮಾಡಿತು: ಕಾಂತಕ್ಷೇತ್ರ ಇದೆಯೋ ಇಲ್ಲವೋ ಹೆಲ್ಮೆಟ್ ತೊಟ್ಟವರಿಗೂ ಗೊತ್ತಿಲ್ಲ, ಪ್ರಯೋಗ ನಡೆಸುವವರಿಗೂ ಗೊತ್ತಿಲ್ಲ. ಕಾಂತಕ್ಷೇತ್ರದ ಪರಿಣಾಮ ಕಾಣಲೇ ಇಲ್ಲ. ಸೂಚನೆಗೆ ಸುಲಭವಾಗಿ ಒಳಗಾಗುವವರಿಗೇ ಅನುಭವ ಹೆಚ್ಚು. (ನನ್ನ ಮಟ್ಟಿಗೆ ಈ ಎರಡನೇ ಪ್ರಯೋಗವೇ ಮುಖ್ಯ.) 2006ರಲ್ಲಿ ನರವಿಜ್ಞಾನಿ ಮಾರಿಯೊ ಬೋರಗಾರ್ ಕಾರ್ಮೆಲೈಟ್ ಸನ್ಯಾಸಿನಿಯರ ಮೆದುಳನ್ನು, ಅದರ ಚಟುವಟಿಕೆ ತೋರಿಸುವ ಎಫ್‌ಎಂಆರ್‌ಐನಲ್ಲಿ ನೋಡಿದಾಗ ಒಂದೇ ಬಿಂದುವಲ್ಲ, ಹಲವು ಭಾಗಗಳು ಒಟ್ಟಿಗೇ ಸಕ್ರಿಯವಾಗಿದ್ದವು. ಮೆದುಳಿನ ಇಂಥ ಚಟುವಟಿಕೆ ಅನುಭವವಾಗುವುದು ಏಕೆ ಎಂಬುದು ಬೇರೆಯೇ ಪ್ರಶ್ನೆ; ಅದೇ ಪ್ರಜ್ಞೆಯ ‘ಹಾರ್ಡ್ ಪ್ರಾಬ್ಲಂ’ (ತತ್ತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್, 1995). ಹಾಗಾಗಿ ‘ದೇವರ ಬಿಂದು ಸಾಬೀತಾಗಿದೆ’ ಎಂಬ ಹೇಳಿಕೆ ಎದುರಾದರೆ ತಪ್ಪು ಎಂದೇ ಗುರುತಿಸಿ.