ಬಾಲಮೂಳೆ ನೋವಿಗೆ ನರದ ಇಂಜೆಕ್ಷನ್

ಪ್ರಶ್ನೆ: ಕಾಫಿ ಕಣದಲ್ಲಿ ಜಾರಿ ಬಿದ್ದು ವರ್ಷವಾದರೂ ಕೂರಲಾಗುತ್ತಿಲ್ಲ. ಇಂಜೆಕ್ಷನ್ ಮಾಡಿಸಬಹುದೇ? –ಓದುಗರು, ಗೋಣಿಬೀಡು

ಬಾಲಮೂಳೆ ನೋವು ಬಹುಪಾಲು ಇಂಜೆಕ್ಷನ್ ಇಲ್ಲದೆಯೇ ಇಳಿಯುತ್ತದೆ. ಹಿಂಬದಿ ಕತ್ತರಿಸಿದ ದಿಂಬು, ಮಲಬದ್ಧತೆಗೆ ಮದ್ದು, ಫಿಸಿಯೋಥೆರಪಿ ಮೊದಲು. ತಿಂಗಳುಗಟ್ಟಲೆ ಇವಕ್ಕೂ ಜಗ್ಗದಿದ್ದರೆ, ನಿಂತು ಮತ್ತು ಕೂತು ತೆಗೆಸಿದ ಎಕ್ಸ್-ರೇ ನೋಡಿ ‘ಗ್ಯಾಂಗ್ಲಿಯಾನ್ ಇಂಪಾರ್’ ಬ್ಲಾಕ್ ಎಂಬ ನರದ ಇಂಜೆಕ್ಷನ್ ಯೋಚಿಸಬಹುದು. ಬೋರಲು ಮಲಗಿಸಿ, ಎಕ್ಸ್-ರೇ ಪರದೆ ನೋಡುತ್ತಾ, ತ್ರಿಕಾಸ್ಥಿ–ಬಾಲಮೂಳೆ ಸಂದಿನಲ್ಲಿ ಸೂಜಿ ತೂರಿಸಿ ಮೂಳೆಯ ಮುಂದಿರುವ ನರಗಂಟಿಗೆ ಅರಿವಳಿಕೆ, ಜೊತೆಗೆ ಸಾಮಾನ್ಯವಾಗಿ ಸ್ಟೀರಾಯ್ಡ್ ಬಿಡುತ್ತಾರೆ. ಉಪಶಮನ ಕೆಲವರಿಗೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ. ಶಾಶ್ವತವೆಂಬ ಭರವಸೆ ನಂಬತಕ್ಕದ್ದಲ್ಲ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮುಂಚೆಯೇ ತಿಳಿಸಬೇಕು. ಹಾಸನ ಅಥವಾ ಮಂಗಳೂರಿನಲ್ಲಿ ನೋವು ಚಿಕಿತ್ಸಾ ತಜ್ಞರನ್ನು ಕಾಣಬಹುದು; ಇಂಜೆಕ್ಷನ್ ಪಡೆದ ದಿನ ಚಾರ್ಮಾಡಿ ಘಾಟಿಯಲ್ಲಿ ತಾವೇ ಜೀಪು ಓಡಿಸುವ ಸಾಹಸ ಬೇಡ. ಜ್ವರ, ಕೀವು, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ತೊಡೆಸಂದು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ನೇರ ತುರ್ತು ವಿಭಾಗಕ್ಕೆ.