ಮುಪ್ಪಿನ ಸೈಕಲ್ ಸವಾರಿ: ಒಂದು ಲೆಕ್ಕ

ಮುಪ್ಪಿನವರು ಸೈಕಲ್ ತುಳಿಯುವುದನ್ನು ಕಂಡಾಗ ‘ಈ ವಯಸ್ಸಿನಲ್ಲಿ ಇದೇಕೆ?’ ಎಂದು ನಾವು ಮರುಗುವುದುಂಟು. ಮರುಗುವ ಮುನ್ನ ಒಂದು ಲೆಕ್ಕ ಮಾಡಿ ನೋಡೋಣ.

ನೆಟ್ಟಗೆ ಕುಳಿತ ಸವಾರನೂ ಸೈಕಲ್ಲೂ ಸೇರಿ 90 ಕಿಲೋಗ್ರಾಂ ತೂಗಲಿ. ರಸ್ತೆ ಸಮತಟ್ಟಾಗಿರಲಿ, ಗಾಳಿ ಬೀಸದಿರಲಿ. ಗಂಟೆಗೆ 24 ಕಿಲೋಮೀಟರು ಸಾಗಲು ಸುಮಾರು 150 ವಾಟ್ ಸಾಮರ್ಥ್ಯ ಬೇಕು. ವೇಗವನ್ನು ಅರ್ಧಕ್ಕೆ ಇಳಿಸಿದರೆ 75 ವಾಟ್ ಎಂದು ವಿದ್ಯಾರ್ಥಿಗಳು ಥಟ್ಟನೆ ಹೇಳಿಯಾರು. ನಿಜವಾಗಿ 35 ವಾಟ್ ಸಾಕು! ಟೈರು ಉರುಳುವುದಕ್ಕೆ ತಗಲುವ ಸಾಮರ್ಥ್ಯ ವೇಗದೊಡನೆ ಅರ್ಧವಾಗುತ್ತದೆ, ದಿಟ. ಆದರೆ ಗಾಳಿಯ ತಡೆಯು ವೇಗದ ವರ್ಗವನ್ನು ಅನುಸರಿಸುವುದು. ಅದನ್ನು ಮತ್ತೆ ವೇಗದಿಂದ ಗುಣಿಸಿದಾಗ ದೊರೆಯುವ ಸಾಮರ್ಥ್ಯವು ವೇಗದ ಘನವನ್ನು. ಆದ್ದರಿಂದ ಆ ಪಾಲು ಎಂಟರಲ್ಲಿ ಒಂದಕ್ಕೆ ಕುಗ್ಗುತ್ತದೆ. ಸ್ನಾಯುಗಳ ಕಸುವು ಕುಂದಿದ ಹಿರಿಯರಲ್ಲಿಯೂ ಅನೇಕರಿಗೆ 35 ವಾಟ್ ಎಟುಕದ್ದಲ್ಲ.

ಏರಿನ ಮಾತು ಬೇರೆ. ನೂರು ಅಡಿಗೆ ಮೂರಡಿ ಏರುವ ದಾರಿಯಲ್ಲಿ ಅದೇ 12 ಕಿಲೋಮೀಟರು ವೇಗಕ್ಕೆ ಗುರುತ್ವವೊಂದೇ 88 ವಾಟ್ ಕೇಳುತ್ತದೆ. ಅಲ್ಲಿ ಇಳಿದು ತಳ್ಳಿಕೊಂಡು ಹೋಗುವ ಅಜ್ಜನನ್ನು ಕಂಡು ನಗಬೇಡಿ. ಅವರ ಭೌತವಿಜ್ಞಾನ ಸರಿಯಾಗಿಯೇ ಇದೆ.

ಫ್ರಾನ್ಸಿನಲ್ಲಿ 1911ರಲ್ಲಿ ಜನಿಸಿದ ರೋಬೇರ್ ಮಾರ್ಶಾನ್ ಅವರು 101ರಿಂದ 103ನೆಯ ವಯಸ್ಸಿನವರೆಗೆ ವರ್ಷಕ್ಕೆ 5000 ಕಿಲೋಮೀಟರು ತುಳಿದರು. ಅದರಲ್ಲಿ ಶೇಕಡ 80 ಪಾಲು ಹಗುರ ಸವಾರಿ. ಉಳಿದದ್ದು ಮಾತ್ರ ಕಠಿಣ. ಆ ಅವಧಿಯಲ್ಲಿ ಅವರ ದೇಹವು ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ ಶೇಕಡ 13ರಷ್ಟು ಹೆಚ್ಚಿತು. ಒಬ್ಬರ ದೇಹದಿಂದ ಎಲ್ಲರಿಗೂ ನಿಯಮ ಕಟ್ಟಲಾಗದು, ನಿಜ. ಆದರೂ 2017ರ ಜನವರಿಯಲ್ಲಿ, 105ನೆಯ ವಯಸ್ಸಿನಲ್ಲಿ, ಅವರು ಒಂದೇ ಗಂಟೆಯಲ್ಲಿ 22.547 ಕಿಲೋಮೀಟರು ಕ್ರಮಿಸಿದರು.