ಗೊತ್ತಿದ್ದೂ ಯಾಕೆ ಹೀಗೆ ಮಾಡ್ತಾನೆ?

ಮಳೆಗಾಲದಲ್ಲಿ ಕಾಪು ಬೀಚಿಗೆ ಹೋದವರು ನೋಡಿರುತ್ತೀರಿ. 1901ರಲ್ಲಿ ಕಟ್ಟಿದ ದೀಪಸ್ತಂಭದ ಬಂಡೆಗೆ ತೆರೆ ಬಂದು ಅಪ್ಪಳಿಸುತ್ತಿರುತ್ತದೆ. ಒಬ್ಬನೇ ಬಂದ ಹದಿನೈದರ ಹುಡುಗ ದೂರದಲ್ಲೇ ನಿಂತು ನೋಡಿ ಹೋಗುತ್ತಾನೆ. ಅವನೇ ನಾಲ್ಕು ಗೆಳೆಯರ ಜತೆ ಬಂದರೆ ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲಿಟ್ಟು, ಮೊಬೈಲು ಎತ್ತಿ ಹಿಡಿದು, ತೆರೆಗೆ ಬೆನ್ನು ಹಾಕಿ ನಿಲ್ಲುತ್ತಾನೆ. ಪಾಚಿ ಜಾರುತ್ತದೆಂದು ಕಡಲ ಕರೆಯಲ್ಲೇ ಬೆಳೆದವನಿಗೆ ಯಾರೂ ಹೇಳಿಕೊಡಬೇಕಿಲ್ಲ.

"ಗೊತ್ತಿದ್ದೂ ಯಾಕೆ ಹೀಗೆ ಮಾಡ್ತಾನೆ ಡಾಕ್ಟ್ರೆ?" ಎಂದು ಹೆತ್ತವರು ಕೇಳುತ್ತಾರೆ. ಸರಿಯಾದ ಪ್ರಶ್ನೆ. 2005ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಇದನ್ನೇ ಕಂಪ್ಯೂಟರ್ ಆಟದಲ್ಲಿ ಪರೀಕ್ಷಿಸಿದರು. ಸಿಗ್ನಲ್ ಹಳದಿಗೆ ತಿರುಗಿದ ಮೇಲೆ ಕಾರು ಎಷ್ಟು ಮುಂದೆ ಹೋಗಿ ನಿಲ್ಲಬೇಕು ಎಂಬುದೇ ಆಟ. ಗೆಳೆಯರು ಪಕ್ಕದಲ್ಲಿ ಕೂತಾಗ 13ರಿಂದ 16ರ ಮಕ್ಕಳು ಒಂಟಿಯಾಗಿ ಆಡುವಾಗಿನದಕ್ಕಿಂತ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. 24 ದಾಟಿದವರ ಆಟದಲ್ಲಿ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ.

ಮಿದುಳಿನೊಳಗೆ ಆಗುವುದಿಷ್ಟು. ಆರು ವರ್ಷಕ್ಕೆಲ್ಲ ಅದರ ಗಾತ್ರ ದೊಡ್ಡವರ ಮಿದುಳಿನ ಸುಮಾರು ಶೇಕಡ 90ರಷ್ಟಾಗಿರುತ್ತದೆ. ಬಾಲ್ಯದಲ್ಲಿ ನರಕೋಶಗಳ ನಡುವೆ ಬೇಕಾದ್ದಕ್ಕಿಂತ ಹೆಚ್ಚು ಕೊಂಡಿಗಳು ಹುಟ್ಟಿಕೊಂಡಿರುತ್ತವೆ. ಹದಿಹರೆಯದಲ್ಲಿ ಬಳಕೆಯಲ್ಲಿರುವವು ಗಟ್ಟಿಯಾಗುತ್ತವೆ, ಬಳಸದವು ಕಳಚಿಹೋಗುತ್ತವೆ. ನರತಂತುಗಳಿಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಬಂದು ಸಂದೇಶಗಳ ಓಟ ಚುರುಕಾಗುತ್ತದೆ. ಈ ಕೆಲಸ ಎಲ್ಲೆಡೆ ಒಂದೇ ಹೊತ್ತಿಗೆ ಮುಗಿಯುವುದಿಲ್ಲ. ಆಸೆ, ಸಿಟ್ಟು, ಸಂತೋಷಗಳಿಗೆ ಸಂಬಂಧಿಸಿದ ಒಳಭಾಗಗಳು ಮೈನೆರೆಯುವ ಹೊತ್ತಿಗೇ ಜೋರಾಗುತ್ತವೆ. ಮುಂದಾಲೋಚನೆ ಮಾಡುವ, ತಡೆದುಕೊಳ್ಳುವ ಭಾಗ ಇರುವುದು ಹಣೆಯ ಹಿಂದೆ. ಪ್ರೀಫ್ರಂಟಲ್ ಕಾರ್ಟೆಕ್ಸ್ ಎಂದು ಅದರ ಹೆಸರು. ಅದು ಹದಕ್ಕೆ ಬರಲು 25ರ ಆಸುಪಾಸಾಗುತ್ತದೆ.

ಹಾಗಾಗಿ ಮನೆಯಲ್ಲಿ ಸಮಾಧಾನವಾಗಿ ಕೂತಾಗ ಹದಿನಾರರ ಮಗ ನಿಮ್ಮಷ್ಟೇ ಚೆನ್ನಾಗಿ ಯೋಚಿಸಬಲ್ಲ. ಗೆಳೆಯರ ಎದುರು, ಸಿಟ್ಟಿನಲ್ಲಿ, ಹುಮ್ಮಸ್ಸಿನಲ್ಲಿ ಅದೇ ತಿಳಿವಳಿಕೆ ಕೈಗೆ ಸಿಗುವುದಿಲ್ಲ. ಬುದ್ಧಿವಾದ ಮಾತ್ರ ಸಾಕಾಗದೇ ಇರುವುದು ಇದಕ್ಕೇ. ಸಂದರ್ಭವನ್ನೇ ಬದಲಾಯಿಸುವುದು ಹೆಚ್ಚು ಫಲ ಕೊಡುತ್ತದೆ.

ಸ್ಕೂಟರಿನ ಕೀ ನೋಡಿ. ಒಂಬತ್ತನೇ ಕ್ಲಾಸಿನ ಹುಡುಗನಿಗೆ "ಅಂಗಡಿಗೆ ಹೋಗಿ ಬಾ" ಎಂದು ಕೀ ಕೊಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಗಡಿ ಮುಗಿದು ದಾರಿಯಲ್ಲಿ ಇಬ್ಬರು ಗೆಳೆಯರು ಹಿಂದೆ ಹತ್ತಿದ ಮೇಲೆ ಆ ಸ್ಕೂಟರು ಕಟಪಾಡಿಯ ಹೆದ್ದಾರಿಯಲ್ಲಿರುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತರ ಕೈಗೆ ಗಾಡಿ ಕೊಟ್ಟರೆ ಹೆತ್ತವರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಮಗುವಿಗೆ 25 ತುಂಬುವವರೆಗೆ ಲೈಸೆನ್ಸು ಇಲ್ಲ. ಕಾನೂನಿನ 25, ಮಿದುಳಿನ 25 ಒಂದೇ ಆದದ್ದು ಕಾಕತಾಳೀಯವಿರಬಹುದು. ಲೆಕ್ಕವೇನೋ ಸರಿಯಾಗಿದೆ.

ಹಾಗಂತ ಮನೆಯೊಳಗೆ ಕೂಡಿಹಾಕಿದರೂ ಆಗದು. ಈ ವಯಸ್ಸಿಗೆ ಥ್ರಿಲ್ ಬೇಕು, ಓರಗೆಯವರ ಶಭಾಷ್ ಬೇಕು. ಅದಕ್ಕೆ ನಮ್ಮೂರಿನಲ್ಲೇ ಒಳ್ಳೊಳ್ಳೆಯ ಜಾಗಗಳಿವೆ. ಅಷ್ಟಮಿಗೆ ಹುಲಿವೇಷದ ತಂಡ ಸೇರಿದ ಹುಡುಗ ತಾಸೆಯ ಪೆಟ್ಟಿಗೆ ಕುಣಿಯುತ್ತಾನೆ, ಪಲ್ಟಿ ಹೊಡೆಯುತ್ತಾನೆ, ರಥಬೀದಿಯ ಜನ ನೋಡುತ್ತಾರೆ. ಅದೇ ಹುಡುಗ ಹಿಂದಿನ ರಾತ್ರಿ ಮೈಗೆ ಹಚ್ಚಿದ ಬಣ್ಣ ಒಣಗುವವರೆಗೆ ಗಂಟೆಗಟ್ಟಲೆ ಕೈ ಅಗಲಿಸಿ ನಿಂತಿರುತ್ತಾನೆ, ಕೂರಬೇಡ ಎಂದರೆ ಕೂರುವುದಿಲ್ಲ. ಮನೆಯಲ್ಲಿ ಹತ್ತು ನಿಮಿಷ ಒಂದೆಡೆ ನಿಲ್ಲದವನು! ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಹೈಸ್ಕೂಲು ಮಕ್ಕಳಿಗೆ ಯಕ್ಷಗಾನ ಕಲಿಸಿ ರಂಗಕ್ಕೆ ಹತ್ತಿಸುತ್ತದೆ. ಹುಡುಗಿಯರೂ ಗೆಜ್ಜೆ ಕಟ್ಟುತ್ತಾರೆ. ತಾಳ, ಹೆಜ್ಜೆ, ಅರ್ಥ ಮೂರನ್ನೂ ಒಟ್ಟಿಗೆ ಹಿಡಿಯುವ ಅಭ್ಯಾಸದಲ್ಲಿ ಗಟ್ಟಿಯಾಗುವ ಕೊಂಡಿಗಳು ಸುಲಭಕ್ಕೆ ಕಳಚುವಂಥವಲ್ಲ. ಪರೀಕ್ಷೆ ಬಂತೆಂದರೆ ನಾವು ಮೊದಲು ನಿಲ್ಲಿಸುವುದು ಇದನ್ನೇ.

ಅಂಕದ ವಿಷಯಕ್ಕೆ ಬಂದೆ. 2025ರ ದ್ವಿತೀಯ ಪಿಯು ಫಲಿತಾಂಶದಲ್ಲಿ ಉಡುಪಿ ಜಿಲ್ಲೆ ಶೇಕಡ 93.90 ಪಡೆದು ರಾಜ್ಯಕ್ಕೇ ಮೊದಲಾಯಿತು. ಹೆಮ್ಮೆ ನನಗೂ ಇದೆ. ಆದರೆ ಕಾರ್ಕಳದಿಂದ ಮಣಿಪಾಲಕ್ಕೆ ಬರುವ ಬೆಳಗಿನ ಬಸ್ಸಿನಲ್ಲಿ ಒಮ್ಮೆ ಬನ್ನಿ. ಬೈಲೂರು ದಾಟುವಷ್ಟರಲ್ಲಿ ಕಿಟಕಿಯ ಸರಳಿಗೆ ತಲೆ ಆನಿಸಿ ಮಲಗಿದ ಯೂನಿಫಾರ್ಮಿನ ಹುಡುಗಿ, ತೊಡೆಯ ಮೇಲೆ ತನ್ನದೊಂದು ಬ್ಯಾಗು, ನಿಂತ ಗೆಳತಿಯದೊಂದು. ಆಕೆಯನ್ನು ಸೋಮಾರಿ ಎನ್ನಬೇಡಿ. ನಿದ್ದೆ ತರಿಸುವ ಮೆಲಟೋನಿನ್ ಹದಿಹರೆಯದಲ್ಲಿ ಒಂದೆರಡು ಗಂಟೆ ತಡವಾಗಿ ಏರುತ್ತದೆ; ರಾತ್ರಿ ಹನ್ನೊಂದರವರೆಗೆ ಕಣ್ಣು ಮುಚ್ಚದಿರುವುದು ಈ ಪ್ರಾಯದ ಸಹಜ ಲಕ್ಷಣ. 13ರಿಂದ 18ರವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಹಗಲು ಓದಿದ್ದು ನೆನಪಿನಲ್ಲಿ ಊರುವುದೂ ನಿದ್ದೆಯಲ್ಲೇ. ನಾಲ್ಕೂವರೆಗೆ ಎಬ್ಬಿಸಿ ಕೂರಿಸಿದರೆ ಓದಿದ್ದನ್ನೇ ಅಳಿಸಿದ ಹಾಗಾಯಿತು. ನನ್ನನ್ನು ಕೇಳಿದರೆ ಒಂದು ಟ್ಯೂಷನ್ ಬಿಡಿಸಿ, ನಿದ್ದೆ ಬಿಡಿಸಬೇಡಿ. ಮೊಬೈಲು ರಾತ್ರಿ ಹಾಲ್‌ನಲ್ಲಿ ಚಾರ್ಜಿಗಿರಲಿ, ನಿಮ್ಮದೂ ಸೇರಿ.

ಕುಡಿತ, ಗಾಂಜಾ, ಸಿಗರೇಟಿನ ಬಗ್ಗೆ ನಾನು ಇಷ್ಟು ಸಡಿಲ ಇಲ್ಲ. ಕೊಂಡಿಗಳು ಗಟ್ಟಿಯಾಗುವ ಪ್ರಾಯದಲ್ಲಿ ಚಟದ ಕೊಂಡಿಯೂ ಬೇಗ ಗಟ್ಟಿಯಾಗುತ್ತದೆ. ತಪ್ಪನ್ನೆಲ್ಲ ಮಣಿಪಾಲಕ್ಕೆ ಹೊರಗಿನಿಂದ ಬಂದವರ ಮೇಲೆ ಹಾಕಿ ನಿಶ್ಚಿಂತರಾಗುವುದು ಸುಲಭ. ಹಳ್ಳಿಮನೆಯ ಮಕ್ಕಳಿಗೂ ಇದು ತಲುಪಿದೆ.

ಬಾಗಿಲು ಹಾಕಿಕೊಳ್ಳುವುದು, ಎದುರು ಮಾತು, ಒಂದು ದಿನದ ಮುನಿಸು ಇವೆಲ್ಲ ಈ ಪ್ರಾಯಕ್ಕೆ ಇದ್ದದ್ದೇ. ಆದರೆ ಎರಡು ವಾರ ದಾಟಿದರೂ ಊಟ-ನಿದ್ದೆ ಸರಿಹೋಗದಿದ್ದರೆ, ಗೆಳೆಯರನ್ನೂ ದೂರವಿಟ್ಟರೆ, ಇಷ್ಟದ ಆಟವೂ ಬೇಡವೆಂದರೆ ಕಾಯಬೇಡಿ. "ಬದುಕಿ ಏನು ಪ್ರಯೋಜನ" ಎಂಬ ಮಾತು ಒಂದೇ ಸಲ ಬಂದರೂ ಅದೇ ದಿನ ವೈದ್ಯರಲ್ಲಿಗೆ ಕರೆತನ್ನಿ. ಮಾನಸಿಕ ಕಾಯಿಲೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು 18ರ ಒಳಗೇ ಶುರುವಾಗುತ್ತವೆ, ಬೇಗ ಬಂದರೆ ಚಿಕಿತ್ಸೆಯೂ ಸಲೀಸು. ಆಸ್ಪತ್ರೆಗೆ ಬರಲು ಹಿಂಜರಿಕೆಯಿದ್ದರೆ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಗು ಮಾತಾಡಲು ಒಪ್ಪದಿದ್ದರೆ ನೀವೇ ಮೊದಲು ಮಾಡಿ ಕೇಳಿ.